ಕಥೆಯಲ್ಲಿ ಇಲ್ಲದ ಗುಬ್ಬಿ

ಮುದ್ದು ಅಮ್ಮಾ,

ನನಗೆ ಕೆಲಸ ಸಿಕ್ಕಿಬಿಟ್ಟಿತು, ಅದೂ ಅಕ್ಕ ಓದಿದ ಶಾಲೆಯಲ್ಲೇ, ದೊಡ್ಡ ತರಗತಿಗೆ ವಿಶ್ವಸಾಹಿತ್ಯ ಕಲಿಸುವ ಇಂಗ್ಲಿಷ್ ಟೀಚರ್ ಕೆಲಸ. ಮದುವೆಯಾಗಿ ಇನ್ನೂ ತಿಂಗಳಾಗಿಲ್ಲ, ಇವರು ಆಗಲೇ ನನ್ನನ್ನು "ಮೇಡಂ" ಅಂತ ರೇಗಿಸುತ್ತಾರೆ.

ಮೊದಲ ದಿನವೇ ಒಬ್ಬ ಹುಡುಗಿ ಶಾಲೆಯ ಲೈಬ್ರರಿಯ ಹಳೇ ಪುಸ್ತಕದಿಂದ ಕಥೆ ಓದುತ್ತಾ, ಅಂಚಿನಲ್ಲಿದ್ದ ಪೆನ್ಸಿಲ್ ಬರಹವನ್ನೂ ಓದಿಬಿಟ್ಟಳು: "ಇಲ್ಲಿ ಗುಬ್ಬಿ ಅಳ್ತಾಳೆ, ನಿಧಾನ ಓದು."

"ಕಥೇಲಿ ಗುಬ್ಬಿನೇ ಇಲ್ವಲ್ಲ ಮಿಸ್?"

ಎಲ್ಲರೂ ನಕ್ಕರು. ನಾನೂ ನಕ್ಕೆ. ನನ್ನನ್ನು ಗುಬ್ಬಿ ಅನ್ನುತ್ತಿದ್ದವಳು ಅಕ್ಕ ಒಬ್ಬಳೇ. ಲೈಬ್ರರಿ ಪುಸ್ತಕ ಮನೆಗೆ ತಂದು ಆ ಕಥೆಗಳನ್ನು ನನಗೆ ಓದಿ ಹೇಳುತ್ತಿದ್ದಳಲ್ಲ.

ಅವಳು ತೀರಿಹೋದಮೇಲೆ ನಾವಿಬ್ಬರೂ ಅವಳ ಹೆಸರೆತ್ತಿಲ್ಲ. ಉಳಿದ ಪುಟಗಳನ್ನು ಒಬ್ಬಳೇ ತೆರೆಯಲು ನನಗೆ ಭಯ. ಪುಸ್ತಕ ತರುತ್ತೇನೆ, ಜೊತೆಗೆ ಕೂತು ಓದೋಣ, ಬೇಡ ಅನ್ನಬೇಡ. ಶನಿವಾರ ಮಧ್ಯಾಹ್ನದ ಪ್ಯಾಸೆಂಜರ್ ರೈಲಿಗೆ ಬರುತ್ತೇನೆ.

ನಿನ್ನ ಮಗಳು