ನಾಲ್ಕೂವರೆ ಗೇಣಿನ ಹಗ್ಗ

ಕಾಲಿಬೆಂಡೊ, ವೊನೊಸೊಬೊ
ಅಕ್ಟೋಬರ್ 9, 1996

ಪ್ರೀತಿಯ ಮರ್ಸುದಿಯವರಿಗೆ, ಜಾವಾದ ಮನೆಯಿಂದ ನಿಮ್ಮ ಪೊನಿಯಾ ಮಾಡುವ ಸಲಾಮು.

ಹೇಗಿದ್ದೀರಿ? ಬೆನ್ನುನೋವು ಹೇಗಿದೆ? ತಾಳೆಗೊನೆ ಎತ್ತುವಾಗ ಸೊಂಟಕ್ಕೆ ಬಟ್ಟೆ ಬಿಗಿದು ಕಟ್ಟಿಕೊಳ್ಳಿ ಎಂದು ಎಷ್ಟು ಸಲ ಬರೆದೆನೋ, ಕಟ್ಟಿಕೊಳ್ಳುತ್ತಿದ್ದೀರೋ ಇಲ್ಲವೋ ದೇವರೇ ಬಲ್ಲ. ಇಲ್ಲಿ ನಾವು ಮೂವರೂ ಕ್ಷೇಮ. ನಿಮ್ಮ ಅಮ್ಮನಿಗೆ ಚಳಿಗೆ ಮಂಡಿ ಹಿಡಿದುಕೊಳ್ಳುತ್ತದೆ, ಬಾಯಿ ಮಾತ್ರ ಹಿಡಿದಿಲ್ಲ. ವೆನಿಂಗ್ ಈಗ ಮೂರನೇ ತರಗತಿ. ನೀವು ಮಲೇಷ್ಯಾಕ್ಕೆ ಹೊರಟಾಗ ಎರಡು ವರ್ಷದ ಕೂಸು. ಮೊನ್ನೆ, "ಅಮ್ಮಾ, ಅಪ್ಪ ನಮ್ಮ ಮರಕ್ಕಿಂತ ಎತ್ತರಾನಾ?" ಎಂದು ಕೇಳಿದಳು. ನಗು ಬಂತು, ಆಮೇಲೆ ಒಲೆಯ ಕಡೆ ತಿರುಗಿ ಕೂತೆ. ರಂಜಾನ್ ಹಬ್ಬಕ್ಕೆ ಬಂದದ್ದೇ ನಿಮ್ಮ ಕೊನೆಯ ಕಾಗದ. ಎಂಟು ತಿಂಗಳಾಯಿತು. ಅಂಚೆಯವನು ಮೊದಲು ದೂರದಿಂದಲೇ ಕೈ ಆಡಿಸಿ ಇಲ್ಲ ಎನ್ನುತ್ತಿದ್ದ. ಈಗ ನನ್ನ ಮುಖ ನೋಡಲಾಗದೆ ಹೊಲದ ದಾರಿ ಹಿಡಿಯುತ್ತಾನೆ, ಪಾಪ.

ಊರಿನ ಸುದ್ದಿ ಎಂದರೆ ಸೆಂಗೊನ್ ಮರದ ಸುದ್ದಿಯೇ. ನೀವು ಸಸಿ ನೆಟ್ಟಾಗ "ಮರಗೆಣಸು ಕಿತ್ತು ಸೌದೆ ಬೆಳೀತಾನಂತೆ ಮಹಾರಾಯ, ಹೊಟ್ಟೆಗೆ ಎಲೆ ತಿಂತಾನಾ?" ಎಂದು ನಕ್ಕಿದ್ದ ಪಕ್ಕದ ಹೊಲದ ದರ್ಮೊ ಮಾರನೇ ವರ್ಷ ತಾನೂ ನೆಟ್ಟದ್ದು ಬರೆದಿದ್ದೆನಲ್ಲ? ಅವನೀಗ ಮರ ಮಾರಿ ಬೈಕು ತಂದಿದ್ದಾನೆ. ಊರಲ್ಲಿ ಅದಕ್ಕೆ ಇಪ್ಪತ್ತು ಮರದ ಬೈಕು ಎಂದೇ ಹೆಸರು. ಗುಡ್ಡದ ತುಂಬ ಮೇಲೆ ಸೆಂಗೊನ್, ನೆರಳಲ್ಲಿ ಏಲಕ್ಕಿ, ಸೊಪ್ಪು ಮೇಕೆಗೆ. ಗೆಣಸು ಬೆಳೆದು ಗೆಣಸೇ ತಿನ್ನುತ್ತಿದ್ದ ಜನ ಹೆಂಚಿನ ಮನೆ ಕಟ್ಟಿಸಿದ್ದಾರೆ. ಆದರೆ ಪದ್ಧತಿ ಮಾತ್ರ ಬದಲಾಗಿಲ್ಲ. ಮರ ಬಲಿಯಿತೆಂದು ಯಾರೂ ಕಡಿಯುವುದಿಲ್ಲ, ಅಗತ್ಯ ಬಿತ್ತೆಂದು ಕಡಿಯುತ್ತಾರೆ. ಮಗನ ಸುನ್ನತಿ, ಮಗಳ ಮದುವೆ, ಆಸ್ಪತ್ರೆ. ಮರದ ವ್ಯಾಪಾರಿ ರೊಹ್ಮತ್ ಅಂಗಳಕ್ಕೆ ಬಂದರೆ ಟೀ ಲೋಟ ಮುಟ್ಟುವ ಮೊದಲೇ ಕೇಳುತ್ತಾನೆ, "ಏನು ಅಗತ್ಯ ಬಿತ್ತು?" ಹೇಳದಿದ್ದರೆ ಗರಗಸ ಇಳಿಸುವುದಿಲ್ಲ; ಸುಮ್ಮನೆ ಕಡಿದ ಮನೆ ಏಳಿಗೆಯಾಗದು ಎಂದು ಅವನ ನಂಬಿಕೆ. ದರ್ಮೊ "ಹೆಂಡ್ತೀನ ಸಂತೆಗೆ ಕರ್ಕೊಂಡು ಹೋಗ್ಬೇಕು" ಎಂದು ಹೇಳಿ ಬೈಕಿಗಾಗಿ ಕಡಿಸಿದ. ಹೆಂಡತಿ ಇವತ್ತಿಗೂ ಬುಟ್ಟಿ ಹೊತ್ತು ನಡೆದೇ ಹೋಗುತ್ತಾಳೆ.

ನಮ್ಮ ಮರಗಳ ಅಗತ್ಯವನ್ನು ನಾವು ನೆಡುವಾಗಲೇ ಮಾತಾಡಿಕೊಂಡಿದ್ದೆವು. ನೀರಿನ ಊಟೆಯ ಪಕ್ಕದ ಗದ್ದೆ ಕೊಳ್ಳುವುದು, ನೀವು ಇನ್ನೆಂದೂ ಸಮುದ್ರ ದಾಟದಿರುವುದು. ಹೊರಡುವ ಹಿಂದಿನ ದಿನ ತೆಂಗಿನ ನಾರಿನ ಹಗ್ಗ ತಂದು, ನಾಲ್ಕೂವರೆ ಗೇಣು ಅಳೆದು, ಒಂದು ತುದಿಗೆ ಗಂಟು ಹಾಕಿ ಕೊಟ್ಟಿರಿ. "ಎದೆ ಎತ್ತರಕ್ಕೆ ಸುತ್ತಿ ನೋಡ್ತಿರು. ಗಂಟು ತುದಿಗೆ ಮುಟ್ಟದ ದಿನ ನಾನು ಮನೇಲಿರ್ತೀನಿ" ಎಂದಿರಿ. "ಯಾರ ಎದೆ? ನಿಮ್ಮೆದೆ ನನ್ನ ಹಣೆಗೆ ಬರುತ್ತೆ" ಎಂದೆ. ಅಮ್ಮನ ಎದುರಿಗೇ ನಕ್ಕುಬಿಟ್ಟಿರಿ. ಆ ನಗುವನ್ನೇ ನೆನೆದುಕೊಂಡು ಇಷ್ಟು ವರ್ಷ ತಳ್ಳಿದ್ದೇನೆ.

ಈಗ, ನಿಮ್ಮಿಂದ ಮುಚ್ಚಿಟ್ಟ ಒಂದು ಮಾತು. ಎರಡನೇ ವರ್ಷ ಸಾಲು ಬಿಟ್ಟು ಸಾಲು ತೆಗೆದುಹಾಕು, ಉಳಿದವು ದಪ್ಪಗಾಗಲಿ ಎಂದು ಬರೆದಿದ್ದಿರಿ. ತೆಗೆದೆ ಎಂದು ಬರೆದೆ. ಸುಳ್ಳು. ಕತ್ತಿ ಹಿಡಿದು ಹೋದದ್ದೇನೋ ನಿಜ. ಒಂದೊಂದರ ಬುಡದಲ್ಲೂ ನೀವು ಬರಿಗಾಲಲ್ಲಿ ಮಣ್ಣು ತುಳಿದು ಗಟ್ಟಿ ಮಾಡಿದ್ದು ಕಣ್ಣಿಗೆ ಕಟ್ಟಿತು, ನಿಮ್ಮ ಕೈ ನೆಟ್ಟದ್ದನ್ನು ಕಡಿಯಲು ನನ್ನ ಕೈ ಬರಲಿಲ್ಲ. ಎಲ್ಲವೂ ಬಿಸಿಲಿಗೆ ಗುದ್ದಾಡುತ್ತ ಕಡ್ಡಿಗಳ ಹಾಗೆ ಮೇಲೆದ್ದವು. ಎರಡು ವರ್ಷದ ಹಿಂದೆ ನೀವು "ಹಗ್ಗ ಎಲ್ಲಿಗೆ ಬಂತು?" ಎಂದು ಕೇಳಿದಾಗ, ಇನ್ನೂ ಒಂದು ಗೇಣಿಗಿಂತ ಹೆಚ್ಚು ಉಳಿಯುತ್ತದೆ ಎಂದು ಬರೆದೆ. "ಹಾಗಾದ್ರೆ ಇನ್ನೆರಡು ವರ್ಷಕ್ಕೆ ಸಹಿ ಹಾಕ್ತೀನಿ" ಎಂದು ಉತ್ತರ ಬಂತು. ಆ ಕಾಗದವನ್ನು ಹೊಲದ ಬದುವಿನ ಮೇಲೆ ಕೂತು ಓದಿದೆ. ಅದೇ ವಾರ ಅಳುತ್ತ, ನನ್ನನ್ನೇ ಬೈದುಕೊಳ್ಳುತ್ತ, ಅರ್ಧಕ್ಕರ್ಧ ಕಡಿದುಹಾಕಿದೆ. ನಿಮ್ಮನ್ನು ಅಲ್ಲಿ ಇನ್ನೆರಡು ವರ್ಷ ಕಟ್ಟಿಹಾಕಿದವಳು ನಾನೇ. ತಪ್ಪಾಯಿತು.

ಉಳಿದವು ಹಟಕ್ಕೆ ಬಿದ್ದವರಂತೆ ಬೆಳೆದವು. ಮೇ ತಿಂಗಳಲ್ಲಿ ಗಂಟು ತುದಿಗೆ ಸರಿಯಾಗಿ ಮುಟ್ಟಿತು. ಜುಲೈನಲ್ಲಿ ನಿಮ್ಮ ಕರಾರು ಮುಗಿಯಿತು. ಆಗಸ್ಟಿನಲ್ಲಿ ಹಗ್ಗ ಸುತ್ತಿದರೆ ಗಂಟು ಮುಟ್ಟಲಿಲ್ಲ, ನಾಲ್ಕು ಬೆರಳು ತೊಗಟೆ ಕಾಣುತ್ತಿತ್ತು. ಕೂಗಬೇಕೆನಿಸಿತು, ಯಾರನ್ನು ಕೂಗಲಿ? ಅವತ್ತು ಜೋಳದನ್ನ, ಉಪ್ಪುಮೀನು ನಾಲ್ಕು ಜನಕ್ಕೆ ಮಾಡಿಟ್ಟೆ. ಮಾರನೇ ದಿನವೂ ಮಾಡಿದೆ. ಅಮ್ಮ ನಾಲ್ಕನೇ ತಟ್ಟೆಯ ಮೇಲೆ ತಾವೇ ಬುಟ್ಟಿ ಮುಚ್ಚಿಟ್ಟರು.

ಹೋದ ತಿಂಗಳು ನಿಮ್ಮ ತೋಟದಿಂದಲೇ ಕಸ್ಮಾನ್ ಊರಿಗೆ ಬಂದ. ಓಡಿಹೋಗಿ ಕೇಳಿದೆ. "ಚೆನ್ನಾಗಿದಾನೆ ಅತ್ತಿಗೆ, ಸ್ವಲ್ಪ ಸೊರಗಿದಾನೆ ಅಷ್ಟೆ" ಎಂದ. ಯಾವಾಗ ಬರುತ್ತಾರೆ ಎಂದರೆ ಹೊತ್ತಿಕೊಂಡಿದ್ದ ಬೀಡಿಗೇ ಮತ್ತೆ ಕಡ್ಡಿ ಗೀರಿದ. ಊಟೆಯ ಹತ್ತಿರ ಹೆಂಗಸರು "ಅಲ್ಲಿ ಬೇಯಿಸಿ ಹಾಕೋರಿಗೆ ಏನು ಬರ ಬಿಡು" ಎಂದು ನನಗೆ ಕೇಳುವಂತೆಯೇ ಆಡಿಕೊಂಡರು. "ನಿಮ್ಮ ಗಂಡಂದಿರು ಊರಲ್ಲೇ ಇದಾರಲ್ಲ, ಅವರು ಯಾರ ಮನೇಲಿ ಉಣ್ತಾರೆ ನೋಡ್ಕೊಳ್ರಮ್ಮ" ಎಂದು ಕೊಡ ಎತ್ತಿಕೊಂಡು ಬಂದೆ. ಬಾಯಿ ಗೆದ್ದು ಬಂತು, ಅವತ್ತಿನ ನನ್ನ ಪಾಲಿನ ಅನ್ನ ಮಾತ್ರ ಕೋಳಿಗೆ ಹಾಕಿದೆ. ನನಗೆ ಒಂಟಿತನ ತಡೆಯಲಾಗುತ್ತಿಲ್ಲ. ಇದನ್ನು ಹಿಂದೆ ಎಂದೂ ಬರೆದಿರಲಿಲ್ಲ, ಈಗ ಬರೆಯುತ್ತಿದ್ದೇನೆ. ಹಗ್ಗ ಸುತ್ತಬೇಕಾದರೆ ಎರಡು ತೋಳನ್ನೂ ಚಾಚಿ ಕೆನ್ನೆಯನ್ನು ಮರಕ್ಕೆ ಒತ್ತಬೇಕು. ಇಷ್ಟು ವರ್ಷದಲ್ಲಿ ನಾನು ಹಾಗೆ ಅಪ್ಪಿಕೊಂಡದ್ದು ಅವುಗಳನ್ನು ಮಾತ್ರ.

ರೊಹ್ಮತ್ ಎರಡು ಸಲ ಬಂದು ಬುಡ ತಟ್ಟಿ ನೋಡಿ ಹೋದ. "ಒಳ್ಳೇ ಮಾಲು. ಏನು ಅಗತ್ಯ?" ಎಂದು ಕೇಳಿದ. ಏನೂ ಇಲ್ಲ ಎಂದು ಕಳಿಸಿದೆ. ನಿನ್ನೆ ಮತ್ತೆ ಬಂದಿದ್ದ. ಅಮ್ಮ ಕರೆಯುತ್ತಿದ್ದಾರೆ, ಮೇಕೆಗೆ ಸೊಪ್ಪು ಹಾಕಬೇಕು, ಇಲ್ಲಿಗೆ ನಿಲ್ಲಿಸುತ್ತೇನೆ. ಅಮ್ಮ ಆಶೀರ್ವಾದ ಹೇಳಿದ್ದಾರೆ. ವೆನಿಂಗ್ ತನ್ನ ಬಿದ್ದ ಹಲ್ಲನ್ನು ಇದರೊಳಗೆ ಇಡು ಎಂದು ಹಟ ಮಾಡಿದಳು, ಇಟ್ಟಿದ್ದೇನೆ. ದೇವರು ನಿಮ್ಮ ಬೆನ್ನನ್ನೂ ಮನಸ್ಸನ್ನೂ ಕಾಯಲಿ.

ನಿಮ್ಮ
ಪೊನಿಯಾ

ತಾ.ಕ.: ನಿನ್ನೆ ರೊಹ್ಮತ್‌ಗೆ ಮರ ಕೊಟ್ಟುಬಿಟ್ಟೆ. "ಏನು ಅಗತ್ಯ ಬಿತ್ತು?" ಎಂದ. "ಗಂಡನ್ನ ನೋಡ್ಬೇಕು" ಎಂದೆ. ಅವನು ಟೀ ಲೋಟವನ್ನೂ ಮುಟ್ಟದೆ ಎದ್ದು ಗರಗಸದವರನ್ನು ಕರೆದ. ಪಾಸ್‌ಪೋರ್ಟು ಮೊದಲೇ ಮಾಡಿಸಿಟ್ಟಿದ್ದೇನೆ, ಬಾತಾಮ್ ಬಂದರಿನವರೆಗೆ ಕಸ್ಮಾನ್ ಬಿಡುತ್ತಾನೆ, ಬರುವ ತಿಂಗಳು ಹನ್ನೆರಡಕ್ಕೆ ನಿಮ್ಮ ಕಡೆ ಜೋಹೋರಿನ ದೋಣಿಕಟ್ಟೆಯಲ್ಲಿ ಇಳಿಯುತ್ತೇನೆ. ಹಗ್ಗ ತರುತ್ತಿದ್ದೇನೆ. ಅಲ್ಲಿ ಇನ್ನೊಬ್ಬಳಿದ್ದರೆ ನನ್ನ ಮುಖ ನೋಡಿ ಹೇಳಿ, ಹಗ್ಗ ಅಲ್ಲೇ ಬಿಟ್ಟು ಬಂದ ದೋಣಿಗೇ ಹತ್ತುತ್ತೇನೆ. ಇಲ್ಲದಿದ್ದರೆ ನೀವೇ ಅದನ್ನು ಹಿಡಿದುಕೊಂಡು ಬನ್ನಿ. ಖಾಲಿ ಹೊಲಕ್ಕೆ ಮಳೆ ಬೀಳುವ ಹೊತ್ತಾಯಿತು, ನಾನೊಬ್ಬಳೇ ನೆಡುವುದಿಲ್ಲ.