ದೀಪಕ್ಕೇನೂ ಆಗಿಲ್ಲ

ಅಕ್ಕನ ಮನೆಯಿಂದ,
ಭಾನುವಾರ, ಊಟವಾದ ಮೇಲೆ

ಡಾಕ್ಟರ್ ಸಾಹೇಬರಿಗೆ,

ನಿಮ್ಮ ಕೌಂಟರಿನಲ್ಲಿ ಕೂರುತ್ತಿದ್ದವಳ ನಮಸ್ಕಾರ. ‘ಪ್ರಿಯ’ ಅಂತ ಶುರು ಮಾಡಿ ಹೊಡೆದುಹಾಕಿದ್ದೇನೆ. ಬೇರೆ ಹಾಳೆ ತೆಗೆದುಕೊಳ್ಳುವಷ್ಟು ಉಪಚಾರ ಬೇಡವೆನಿಸಿತು. ಗೀಚಿದ್ದು ಹಾಗೇ ಇದೆ, ನೋಡಿಕೊಳ್ಳಿ.

ನಿನ್ನೆ ಅಕ್ಕನಿಗೆ ಫೋನ್ ಮಾಡಿದ್ದಿರಂತೆ. ಇವಳ ರೆಸ್ಟ್ ಯಾವಾಗ ಮುಗಿಯುತ್ತೆ, ಇಲ್ಲಿ ಅಪಾಯಿಂಟ್‌ಮೆಂಟೆಲ್ಲ ಕಲಸುಮೇಲೋಗರ ಆಗಿದೆ ಅಂದಿರಂತೆ. ಹಲ್ಲು ಹೇಗಿದೆ ಅಂತ ಕೇಳಿದರಾ ಅಂತ ನಾನು ಅಕ್ಕನನ್ನು ಕೇಳಿದೆ. ಅವಳು ಒರೆಸಿದ ಪಾತ್ರೆಯನ್ನೇ ಮತ್ತೆ ಒರೆಸತೊಡಗಿದಳು. ಪಾಪ, ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ. ಅದಕ್ಕೇ ಈ ಕಾಗದ. ಫೋನಿನಲ್ಲಿ ನಿಮ್ಮ ಜೊತೆ ಮಾತಾಡಿ ಗೆದ್ದವರಿಲ್ಲ. ಎದುರಿನವರ ಬಾಯಿ ತೆರೆಸಿಟ್ಟು ತಾನೊಬ್ಬನೇ ಮಾತಾಡುವುದು ನಿಮ್ಮ ಕಸುಬಿನ ಅಭ್ಯಾಸ.

ಕ್ಲಿನಿಕ್ಕಿಗೆ ಹೊಸ ಕುರ್ಚಿ ಬಂದ ದಿನದ ಕತೆಯನ್ನು ನೀವು ಕಂಡಕಂಡವರಿಗೆಲ್ಲ ಹೇಳಿದ್ದು ಹೀಗೆ: ಇವಳಿಗೆ ಓಡಾಡುವಾಗ ಮೈಮೇಲೆ ಎಚ್ಚರ ಇರಲ್ಲ, ಎಲ್ಲೋ ತಗಲಿಸಿಕೊಂಡಳು. ಎಲ್ಲೋ ಅಲ್ಲ. ಕುರ್ಚಿಯ ನೆತ್ತಿಯ ಮೇಲಿನ ಆ ದೊಡ್ಡ ದೀಪ. ತಿರುಪು ಇನ್ನೂ ಬಿಗಿ ಮಾಡಿಲ್ಲ, ಎಳೀಬೇಡಿ ಸಾರ್ ಅಂತ ಹೇಳಿಯೇ ಮೆಕ್ಯಾನಿಕ್ ಟೀ ಕುಡಿಯಲು ಹೋಗಿದ್ದ. ನೀವು ಎಳೆದಿರಿ. ಬಾ ಇಲ್ಲಿ, ಬೆಣ್ಣೆ ಥರ ತಿರುಗುತ್ತೆ ನೋಡು ಅಂತ ನನ್ನನ್ನು ಕರೆದಿರಿ. ನಾನೂ ಬಂದೆ, ದೀಪವೂ ಬಂತು. ನಾನು ಬಾಯಿ ಹಿಡಿದುಕೊಂಡು ನೆಲದ ಮೇಲೆ ಕೂತೆ. ನೀವು ಓಡಿ ಬಂದಿರಿ, ಅದನ್ನು ಇಲ್ಲ ಅನ್ನುವುದಿಲ್ಲ. ಓಡಿ ಬಂದು ದೀಪವನ್ನು ಎರಡೂ ಕೈಯಲ್ಲಿ ಹಿಡಿದು, ಸ್ವಿಚ್ ಹಾಕಿ, ಆರಿಸಿ, ಮತ್ತೆ ಹಾಕಿ, ಸದ್ಯ ದೀಪಕ್ಕೇನೂ ಆಗಿಲ್ಲ ಅಂದಿರಿ. ಆಮೇಲೆ ನನ್ನ ಕಡೆಗೆ ಒಂದಿಷ್ಟು ಹತ್ತಿ ಚಾಚಿದಿರಿ.

ಅವತ್ತಿನಿಂದ ಆ ಮುಂದಿನ ಹಲ್ಲು ನನ್ನನ್ನು ಒಂದು ದಿನವೂ ನೆಮ್ಮದಿಯಾಗಿರಲು ಬಿಡಲಿಲ್ಲ. ಮೊದಮೊದಲು ತಣ್ಣೀರು ತಗಲಿದರೆ ಜೀವ ಹೋಗುತ್ತಿತ್ತು. ಆಮೇಲೆ ನೀರು, ಗಾಳಿ ಯಾವುದೂ ಬೇಕಿರಲಿಲ್ಲ. ತಾನಾಗಿಯೇ ಒಳಗೊಳಗೆ ತುಡಿಯುತ್ತಿತ್ತು. ನಿಮಗೆ ಹೇಳಿದೆ. ನೀವು ಗಡ್ಡ ಹೆರೆದುಕೊಳ್ಳುತ್ತ, ಕನ್ನಡಿಯಲ್ಲಿ ನಿಮ್ಮ ಗಲ್ಲವನ್ನೇ ನೋಡುತ್ತ, ಪೆಟ್ಟು ಬಿದ್ದಿದೆಯಲ್ಲ, ಸ್ವಲ್ಪ ದಿನ ಇರುತ್ತೆ ಅಂದಿರಿ. ಇನ್ನೊಮ್ಮೆ ಹೇಳಿದೆ. ಮಾತ್ರೆ ತಗೋ ಅಂದಿರಿ. ಇದರ ತಮಾಷೆ ಕೇಳಿ: ಅದೇ ದಿನಗಳಲ್ಲಿ ನಾನು ಕೌಂಟರಿನಲ್ಲಿ ಕೂತು, ನೀವೇ ಬಾಯಿಪಾಠ ಮಾಡಿಸಿದ ಮಾತನ್ನು ಫೋನ್ ಮಾಡಿದವರಿಗೆಲ್ಲ ಒಪ್ಪಿಸುತ್ತಿದ್ದೆ. ಪೆಟ್ಟು ಬಿದ್ದ ಹಲ್ಲನ್ನು ದಯವಿಟ್ಟು ಕಡೆಗಣಿಸಬೇಡಿ, ಇವತ್ತೇ ಬನ್ನಿ. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ನನ್ನ ದವಡೆ.

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ನಿಮ್ಮ ಶಾಸ್ತ್ರದಲ್ಲಿ ಹಿತ್ತಲ ರೋಗಿ ರೋಗಿಯೇ ಅಲ್ಲ. ಮನೆಯವಳು ತಾನೇ, ಯಾವಾಗ ಬೇಕಾದರೂ ನೋಡಬಹುದು ಅನ್ನುತ್ತಿದ್ದಿರಿ. ಆ ‘ಯಾವಾಗ ಬೇಕಾದರೂ’ ಬರಲೇ ಇಲ್ಲ. ಒಂದು ಸಂಜೆ ಕೊನೆಯ ರೋಗಿ ಹೋದ ಮೇಲೆ ನಾನೇ ಹೋಗಿ ಆ ಕುರ್ಚಿಯಲ್ಲಿ ಒರಗಿ ಬಾಯಿ ತೆರೆದೆ. ನೀವು ಕೈ ತೊಳೆದು ಬಂದಿರಿ. ಹೊಸ ರೆಕ್ಸಿನ್ ಮೇಲೆ ಚಪ್ಪಲಿ ಇಡಬೇಡ ಅಂದಿರಿ, ದೀಪ ಆರಿಸಿದಿರಿ, ಮನೆಗೆ ಹೊರಟಿರಿ. ನಾನು ತೆರೆದ ಬಾಯಿ ಮುಚ್ಚಿಕೊಂಡು ಹಿಂದೆ ಬಂದೆ. ಅವತ್ತು ನಿಮ್ಮ ಮೇಲೆ ಸಿಟ್ಟು ಬರಲಿಲ್ಲ, ಅಸಹ್ಯವಾಯಿತು.

ಕಡೆಗೊಂದು ದಿನ ನೀವು ನನ್ನ ಹಲ್ಲನ್ನು ನೋಡಿದಿರಿ. ಅದು ಬೂದಿ ಬಣ್ಣಕ್ಕೆ ತಿರುಗಿದ ಮೇಲೆ. ನಿಮ್ಮ ಮುಖದಲ್ಲಿ ಅಷ್ಟು ಗಾಬರಿ ನಾನು ಎಂದೂ ಕಂಡಿರಲಿಲ್ಲ. ಪುಣ್ಯಾತ್ಮನಿಗೆ ಈಗಲಾದರೂ ಕರುಳು ಚುರುಕ್ ಅಂದಿತಲ್ಲ ಅಂದುಕೊಂಡೆ. ಮಾರನೆಯ ದಿನ ಒಂದು ಡಬ್ಬ ಮಾಸ್ಕ್ ತಂದು ಕೌಂಟರಿನ ಮೇಲಿಟ್ಟಿರಿ. ಜನ ಏನಂದುಕೊಳ್ಳುತ್ತಾರೆ, ಹಾಕಿಕೊಂಡೇ ಇರು ಅಂದಿರಿ. ಹೊರಗೆ ಬೋರ್ಡಿನ ಮೇಲೆ ನೀವು ನನ್ನ ಫೋಟೋದಲ್ಲಿ ಮುಖ ಕತ್ತರಿಸಿ ಬರೀ ನಗುವನ್ನು ಅಂಟಿಸಿದ್ದೀರಲ್ಲ, ಆ ಹಲ್ಲುಗಳು ಅಲ್ಲಿ ಬೆಳ್ಳಗೆ ಹೊಳೆಯುತ್ತಿರಬೇಕು, ಅವುಗಳ ಒಡತಿ ಒಳಗೆ ಬಾಯಿ ಮುಚ್ಚಿಕೊಂಡು ಕೂತಿರಬೇಕು. ಊರಿಗೆ ಉಪಕಾರಿ, ಮನೆಗೆ ಮಾರಿ. ಆ ವಾರವೇ ನಾನು ಬಟ್ಟೆ ಕಟ್ಟಿಕೊಂಡು ಇಲ್ಲಿಗೆ ಬಂದೆ. ರೆಸ್ಟಿಗೆ ಅಂತ ಹೇಳಿದ್ದು ನಿಮ್ಮ ಮರ್ಯಾದೆ ಉಳಿಸಲು.

ಇಲ್ಲಿಗೆ ಬಂದ ಮೇಲೆ ವಸಡು ಊದಿಕೊಂಡಿತು. ನಾನು ಮಾರುಕಟ್ಟೆಯ ಹಿಂದಿನ ರಸ್ತೆಯ ಡಾಕ್ಟರಮ್ಮನ ಹತ್ತಿರ ಹೋದೆ. ಹೌದು, ನೀವು ಊಟದ ಮೇಜಿನಲ್ಲಿ ಇಕ್ಕಳಮ್ಮ ಅಂತ ಆಡಿಕೊಳ್ಳುತ್ತೀರಲ್ಲ, ಅವರೇ. ಕಂಡ ಹಲ್ಲನ್ನೆಲ್ಲ ಕಿತ್ತು ಕೈಗೆ ಕೊಡುತ್ತಾರೆ ಅಂತ ತಾನೇ ನಿಮ್ಮ ವರದಿ? ಅವರು ಏನನ್ನೂ ಕೀಳಲಿಲ್ಲ. ಕನ್ನಡಿಯ ಹಿಡಿಯಿಂದ ಒಂದೊಂದೇ ಹಲ್ಲನ್ನು ತಟ್ಟಿ ಕೇಳಿದರು. ತಣ್ಣಗಿನ ಹತ್ತಿ ಮುಟ್ಟಿಸಿದರು. ಅಕ್ಕಪಕ್ಕದ ಹಲ್ಲುಗಳು ಜುಮ್ಮೆಂದವು, ನನ್ನದಕ್ಕೆ ಏನೂ ಗೊತ್ತಾಗಲಿಲ್ಲ. ಎಕ್ಸ್‌ರೇ ತೆಗೆದು ಬೇರಿನ ತುದಿಯಲ್ಲಿದ್ದ ಕರಿ ನೆರಳನ್ನು ತೋರಿಸಿದರು. ಪೆಟ್ಟಿಗೆ ಒಳಗಿನ ನರ ಸತ್ತುಹೋಗಿದೆ, ಕೀವು ಕಟ್ಟಿದೆ, ಆದರೂ ಹಲ್ಲು ಉಳಿಸಬಹುದು, ರೂಟ್ ಕೆನಾಲ್ ಮಾಡೋಣ ಅಂದರು. ಇಷ್ಟು ದಿನ ಯಾಕೆ ತೋರಿಸಲಿಲ್ಲ ಅಂತ ಕೇಳಿದರು. ನಾನಿದ್ದ ಕಡೆ ಹಲ್ಲಿನ ಡಾಕ್ಟರು ಇರಲಿಲ್ಲ ಅಂದೆ. ಕೀವು ತೆಗೆದ ದಿನ ಮನೆಗೆ ಬಂದು, ಎಷ್ಟೋ ಕಾಲದ ಮೇಲೆ, ಮಾತ್ರೆ ಇಲ್ಲದೆ ನಿದ್ದೆ ಮಾಡಿದೆ.

ಈಗ ನಿಮ್ಮ ಅಪಾಯಿಂಟ್‌ಮೆಂಟ್ ವಿಷಯ. ಕೌಂಟರಿಗೆ ನಾನು ಬರುವುದಿಲ್ಲ, ಬೇರೆಯವರನ್ನು ನೋಡಿಕೊಳ್ಳಿ. ಮನೆಗೆ ಬರುತ್ತೇನೋ ಇಲ್ಲವೋ, ಅದನ್ನು ನೀವೇ ತೀರ್ಮಾನಿಸುತ್ತೀರಿ. ಈ ಕಾಗದ ಓದಿ ಫೋನ್ ಮಾಡಿದಾಗ ನಿಮ್ಮ ಬಾಯಿಂದ ಬರುವ ಮೊದಲ ಪ್ರಶ್ನೆಗಾಗಿ ಕಾಯುತ್ತೇನೆ. ನೀನು ಯಾರ ಹೆಂಡತಿ ಅಂತ ಆ ಇಕ್ಕಳಮ್ಮನಿಗೆ ಗೊತ್ತಾಯಿತಾ ಅಂತ ಕೇಳುವುದಾದರೆ, ದಯವಿಟ್ಟು ಫೋನನ್ನೇ ಮಾಡಬೇಡಿ.

ಇಂತಿ,
ಸದ್ಯಕ್ಕೆ ನಿಮ್ಮವಳು

ತಾ.ಕ.: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಕೀವು ತೆಗೆಯುವ ದಿನ ಮರಗಟ್ಟಲು ಸೂಜಿ ಚುಚ್ಚಿ, ಅದು ಹತ್ತುವವರೆಗೆ ಡಾಕ್ಟರಮ್ಮ ಬಾಯಿಯನ್ನೆಲ್ಲ ಪರೀಕ್ಷಿಸುತ್ತ ಕೆಳಗಿನ ದವಡೆ ಹಲ್ಲಿನ ಹತ್ತಿರ ನಿಂತುಬಿಟ್ಟರು. ನೀವು ಇನ್ನೂ ಓದುತ್ತಿದ್ದಾಗ, ನಾನು ನಿಮಗೆ ಯಾರೂ ಅಲ್ಲದಿದ್ದಾಗ, ಕಾಲೇಜಿನ ಆಸ್ಪತ್ರೆಯಲ್ಲಿ ಇಡೀ ಮಧ್ಯಾಹ್ನ ಕೂತು ತುಂಬಿದ ಹಲ್ಲು ಅದು. ನೋಯ್ತಾ, ನೋಯ್ತಾ ಅಂತ ಕೇಳುತ್ತಲೇ ಇದ್ದಿರಿ. ಇಷ್ಟು ವರ್ಷವಾದರೂ ಒಂದು ಬಿರುಕಿಲ್ಲ, ಇಷ್ಟು ಆಸ್ಥೆಯಿಂದ ಕೆಲಸ ಮಾಡಿದ್ದಾರಲ್ಲ, ಯಾರಮ್ಮ ಆ ಡಾಕ್ಟರು ಅಂತ ಡಾಕ್ಟರಮ್ಮ ಕೇಳಿದರು. ತೀರಿಕೊಂಡರು ಅಂದೆ. ಅಯ್ಯೋ ಅಂದರು. ಆಮೇಲೆ ನನ್ನ ಕಣ್ಣಲ್ಲಿ ನೀರು ಕಂಡು, ಮರಗಟ್ಟುವ ಮದ್ದು ಸರಿಯಾಗಿ ಹತ್ತಿಲ್ಲವೆಂದುಕೊಂಡು, ಇನ್ನೊಂದು ಸೂಜಿ ಚುಚ್ಚಿದರು.