ಎರಡರಿಂದ ಮೂರನೇ ಗೇರಿಗೆ

ಸಿಡುಕು ಮೋರೆಯ ನನ್ನ ಪುಟ್ಟನಿಗೆ,

ಭಾನುವಾರ ಗಾಡಿ ಕೊಳ್ಳುವವರನ್ನು ಕರೆದುಕೊಂಡು ಬರುತ್ತೇನೆ ಎಂದೆಯಲ್ಲ, ಅದಕ್ಕೆ ಮುಂಚೆ ಇದನ್ನು ಓದು. ಫೋನಿನಲ್ಲಿ ಹೇಳೋಣವೆಂದರೆ ನೀನು ನಡುವೆ ಬಾಯಿ ಹಾಕುತ್ತೀಯ. ಬೆಳಗಿನಿಂದ ಬರೆಯಲು ಕೂರುತ್ತೇನೆ, ಏಳುತ್ತೇನೆ, ಒಲೆ ಆರಿಸಿದೆನೋ ಇಲ್ಲವೋ ಎಂದು ನೋಡಿ ಬರುತ್ತೇನೆ.

ಅವತ್ತು ನಿನ್ನ ಹೊಸ ಅಂಗಿಯ ಮೇಲೆ ಚಹಾ ಚೆಲ್ಲಿತಲ್ಲ, ಅಲ್ಲಿಂದ ಶುರುವಾಯಿತು ಇದೆಲ್ಲ. ಕಾರು ಓಡಿಸುತ್ತಿದ್ದವಳು ನಾನು, ನೀನು ಪಕ್ಕದಲ್ಲಿ ಲೋಟ ಹಿಡಿದು ಕೂತಿದ್ದೆ. ಗಾಡಿ ಎರಡರಿಂದ ಮೂರನೇ ಗೇರಿಗೆ ಹೋಗುವಾಗ ಯಾರೋ ಹಿಂದಿನಿಂದ ಗುದ್ದಿದ ಹಾಗಾಯಿತು. "ಅಮ್ಮಾ, ನಿನ್ ಕಾಲು ಹಿಡಿತದಲ್ಲಿಲ್ಲ. ಇನ್ನು ಗಾಡಿ ಸಾಕು," ಎಂದು ಕೀ ಕಿತ್ತುಕೊಂಡು ಜೇಬಿಗಿಳಿಸಿದೆ. ಗೇರು ತಾನಾಗಿಯೇ ಬದಲಾಗುವ ಗಾಡಿಯಪ್ಪಾ ಇದು, ನನ್ನ ಕಾಲೇನು ಮಾಡಿತು ಎಂದರೆ ಕಿವಿಗೇ ಹಾಕಿಕೊಳ್ಳಲಿಲ್ಲ. ಮರುದಿನವೇ ಡಾಕ್ಟರ ಬಳಿ ಎಳೆದೊಯ್ದೆ. ಅವರು ಮಂಡಿಗೆ ತಟ್ಟಿ, "ವಯಸ್ಸಾಯ್ತಲ್ಲ, ನೋಡ್ತಾ ಇರೋಣ," ಎಂದರು. ನನ್ನ ಕಾಲನ್ನು ತೋರಿಸಿದವನು ಗಾಡಿಯನ್ನು ಮಾತ್ರ ಯಾರಿಗೂ ತೋರಿಸಲಿಲ್ಲ. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಇನ್ನೊಂದು ಕೀ ಸಕ್ಕರೆ ಡಬ್ಬಿಯ ತಳದಲ್ಲಿದೆ ಎಂಬುದು ನಿನಗೆ ಗೊತ್ತಿರಲಿಲ್ಲ. ಬುಧವಾರ ಮೆಕ್ಯಾನಿಕ್‌ನನ್ನು ಮನೆಗೇ ಕರೆಸಿ, ನೀನೇ ಓಡಿಸು ಎಂದು ಪಕ್ಕದಲ್ಲಿ ಕೂತೆ. ತಣ್ಣಗಿದ್ದಷ್ಟು ಹೊತ್ತು ಗಾಡಿ ಸಾಧುವಾಗಿತ್ತು. ಬಿಸಿಯಾದ ಮೇಲೆ ಅದೇ ಗುದ್ದು, ಅದೇ ಗೇರಿನಲ್ಲಿ. "ಇದು ಯಾರ ಕಾಲಪ್ಪಾ?" ಎಂದೆ. "ನಂದಂತೂ ಅಲ್ಲಮ್ಮಾ," ಎಂದು ನಕ್ಕ. ನನಗೆ ಕುಣಿದಾಡುವಷ್ಟು ಖುಷಿಯಾಯಿತು.

ಎಂಜಿನ್ ಓಡುತ್ತಿರುವಾಗಲೇ ಅಳತೆ ಕಡ್ಡಿ ಎಳೆದು ಗೇರಿನ ಆಯಿಲ್ ತೋರಿಸಿದ. ಕೆಂಪಗಿರಬೇಕಾದದ್ದು ಕುದ್ದು ಕುದ್ದು ಉಳಿದ ಚಹಾದ ಹಾಗೆ ಕಪ್ಪಾಗಿತ್ತು, ಸುಟ್ಟ ವಾಸನೆ ಬೇರೆ. ಗೇರ್‌ಬಾಕ್ಸ್ ಬಿಚ್ಚಿಬಿಡೋಣ ಎಂದು ಅವನು, ಮೊದಲು ಸುಲಭದ್ದು ನೋಡು ಎಂದು ನಾನು. ಆಯಸ್ಸೆಲ್ಲ ವಾರ್ಡಿನಲ್ಲಿ ನರ್ಸಾಗಿ ಕಳೆದವಳು, ಜ್ವರ ನೋಡದೆ ಹೊಟ್ಟೆ ಕೊಯ್ಯಲು ಬಿಡುತ್ತೇನೆಯೇ? ಆಯಿಲ್, ಫಿಲ್ಟರ್ ಬದಲಾಯಿಸಿದ. ಗುದ್ದು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಆಮೇಲೆ ಬಾನೆಟ್ ಎತ್ತಿ, ಬ್ರೇಕ್ ಒತ್ತಿಕೊಂಡೇ ಗೇರು ಹಾಕಿ, "ಎಂಜಿನ್ ನೋಡ್ತಾ ಇರಿ," ಎಂದ. ಅದು ಕೂತಲ್ಲೇ ಎಗರಿತು. ಎಂಜಿನ್ನನ್ನು ಹಿಡಿದಿಡುವ ರಬ್ಬರ್ ಹರಿದುಹೋಗಿತ್ತು. ನಿನ್ನೆ ಅದನ್ನೂ ಹೊಸದು ಹಾಕಿದ.

ನಿನ್ನೆ ಸಂಜೆ ನಾನೇ ಓಡಿಸಿದೆ. ಬೈಯುವುದಾದರೆ ಬೈ. ಗೇರು ಬದಲಾದದ್ದೇ ಗೊತ್ತಾಗಲಿಲ್ಲ. ಭಾನುವಾರ ನಿನ್ನ ಮುಖಕ್ಕೆ ಹೇಳಬೇಕಾದ ಮಾತುಗಳನ್ನೆಲ್ಲ ಜೋಡಿಸಿಕೊಳ್ಳುತ್ತಾ ನಮ್ಮ ಆಸ್ಪತ್ರೆಯ ತನಕ ಹೋದೆ. ಅಲ್ಲಿ ಕೆಂಪು ದೀಪ ಬಿತ್ತು. ಬ್ರೇಕ್ ಮೇಲೆ ಕಾಲಿಟ್ಟು ನಿಂತೆ. ಗಾಡಿ ಒಂದಿಷ್ಟೂ ಅಲುಗಲಿಲ್ಲ. ನನ್ನ ಪಾದ ನಡುಗುತ್ತಿತ್ತು.

ಎಂಜಿನ್ನಿನದೇ ಇರಬೇಕು ಎಂದು ಅದನ್ನು ಆರಿಸಿದೆ. ನಡುಕ ನಿಲ್ಲಲಿಲ್ಲ. ಚಪ್ಪಲಿ ಕಳಚಿದೆ, ಮಂಡಿ ಅದುಮಿ ಹಿಡಿದೆ. ಹಿಂದಿನವರು ಹಾರ್ನ್ ಬಡಿಯುತ್ತಿದ್ದರು. ಇಷ್ಟು ದಿನ ಗಾಡಿಯ ಗುದ್ದಿನಲ್ಲಿ ಇದು ಮುಚ್ಚಿಹೋಗಿತ್ತು ಪುಟ್ಟಾ. ಹೇಗೋ ಬದಿಗೆ ತಂದು ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಅವನೇ ಬಂದು ಮನೆ ಮುಟ್ಟಿಸಿದ. ಪುಣ್ಯಾತ್ಮ.

ಇದನ್ನು ಮುಚ್ಚಿಟ್ಟು, ರಿಪೇರಿಯಾದ ಗಾಡಿ ತೋರಿಸಿ, ನಿನ್ನಿಂದ ತಪ್ಪೊಪ್ಪಿಸಿಕೊಂಡು ಕೀ ವಾಪಸ್ ತೆಗೆದುಕೊಳ್ಳಬಹುದಿತ್ತು. ಬೆಳಗಿನಿಂದ ಅದೇ ಯೋಚನೆ. ಆದರೆ ಆ ಸಿಗ್ನಲ್ಲಿನಲ್ಲಿ ಶಾಲೆಯ ಮಕ್ಕಳು ರಸ್ತೆ ದಾಟುತ್ತಾರೆ. ನನಗೆ ಹೆದರಿಕೆಯಾಗಿದೆ.

ಭಾನುವಾರ ನೀನೊಬ್ಬನೇ ಬಾ. ಗಾಡಿ ಮಾರಬೇಡ, ನೀನೇ ಓಡಿಸು. ಈ ಸಲ ಪಕ್ಕದಲ್ಲಿ ಚಹಾ ಹಿಡಿದು ಕೂರುವವಳು ನಾನು. ಡಾಕ್ಟರಿಗೂ ಮತ್ತೊಮ್ಮೆ ತೋರಿಸೋಣ, ಈಗ ನಾನಾಗಿಯೇ ಕೇಳುತ್ತಿದ್ದೇನೆ. ಸಕ್ಕರೆ ಡಬ್ಬಿಗೆ ಮಾತ್ರ ಕೈ ಹಾಕಬೇಡ. ಕೈ ಚಾಚು, ಕೀಯನ್ನು ನಾನೇ ಕೊಡುತ್ತೇನೆ.

ನಿನ್ನ ದಾರಿಯೆಲ್ಲ ನುಣ್ಣಗಿರಲಿ ಕಂದಾ,

ಇನ್ನೂ ಸೋಲೊಪ್ಪದ,
ನಿನ್ನ ಅಮ್ಮ